ಮನೆಯ ಧ್ವನಿವರ್ಧಕ

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ದಾರಿಯಲ್ಲಿ, ನಗರದ ಅಂಚಿನಲ್ಲಿ, ಪೀರನವಾಡಿ ಇದೆ. ಸಹ್ಯಾದ್ರಿಯ ಮಳೆಕಾಡು ಇಲ್ಲಿಂದ ಬಹು ದೂರವಿಲ್ಲ. ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಮನೆಯ ಗೋಡೆಗಳು ತೇವಗೊಳ್ಳುತ್ತವೆ. ಪುಸ್ತಕದ ಹಾಳೆಗಳು ಮೆತ್ತಗಾಗುತ್ತವೆ. ಇಂಥ ಊರಿನಲ್ಲಿ ಧ್ವನಿವರ್ಧಕವೊಂದು ಬಹುಕಾಲ ಬಾಳಬೇಕಾದರೆ ಅದರ ಒಡಲಿನ ರಚನೆಯನ್ನು ಕೊಂಚ ಅರಿತಿರಬೇಕು.

ಇಂದು ಮನೆಗಳಲ್ಲಿ ಬಳಕೆಯಲ್ಲಿರುವ ಧ್ವನಿವರ್ಧಕಕ್ಕೆ 1925ರಲ್ಲಿ ಅಮೆರಿಕದ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬ ಇಂಜಿನಿಯರುಗಳು ರೂಪು ಕೊಟ್ಟರು. ಅಯಸ್ಕಾಂತದ ಕಿರಿದಾದ ಸಂದಿನಲ್ಲಿ ತಂತಿಯ ಸುರುಳಿಯೊಂದು ತೂಗುತ್ತಿರುತ್ತದೆ. ಅದಕ್ಕೆ ಶಂಕುವಿನಾಕಾರದ ಕಾಗದದ ಪಟಲವನ್ನು ಅಂಟಿಸಿರುತ್ತಾರೆ. ಆಂಪ್ಲಿಫೈಯರಿನಿಂದ ಬರುವ ವಿದ್ಯುತ್ಪ್ರವಾಹಕ್ಕೆ ಅನುಗುಣವಾಗಿ ಸುರುಳಿಯು ಹಿಂದೆ ಮುಂದೆ ಚಲಿಸುತ್ತದೆ, ಕಾಗದವು ಗಾಳಿಯನ್ನು ತಳ್ಳುತ್ತದೆ, ನಾದ ಹುಟ್ಟುತ್ತದೆ. ಆದರೆ ಸುರುಳಿಗೆ ಬಂದ ಶಕ್ತಿಯಲ್ಲಿ ಸಾಮಾನ್ಯವಾಗಿ ನೂರಕ್ಕೆ ಒಂದೆರಡು ಪಾಲು ಮಾತ್ರ ನಾದವಾಗುತ್ತದೆ. ಉಳಿದುದು ಬಹುಮಟ್ಟಿಗೆ ಶಾಖವೇ. ಕೇಡಿನ ಮೂಲ ಇಲ್ಲಿದೆ.

ದೊಡ್ಡ ಆಂಪ್ಲಿಫೈಯರಿನಿಂದಲೇ ಧ್ವನಿವರ್ಧಕ ಸುಡುತ್ತದೆ ಎಂದು ಹಲವರು ತಿಳಿದಿದ್ದಾರೆ. ಚಿಕ್ಕ ಆಂಪ್ಲಿಫೈಯರನ್ನು ಶಕ್ತಿಮೀರಿ ದುಡಿಸುವುದೂ ಅಷ್ಟೇ ಅಪಾಯಕರ. ಬೆಟ್ಟದ ನೆತ್ತಿಯನ್ನು ಕತ್ತರಿಸಿದಂತೆ ಆಗ ತರಂಗದ ತುದಿ ಚಪ್ಪಟೆಯಾಗುತ್ತದೆ. ಸುರುಳಿಯನ್ನು ಸೇರುವ ಸರಾಸರಿ ಶಕ್ತಿ ಹೆಚ್ಚುತ್ತದೆ. ಮೂಲ ಸಂಗೀತದಲ್ಲಿಲ್ಲದ ಉಚ್ಚ ಕಂಪನಗಳೂ ಹುಟ್ಟುತ್ತವೆ. ಎತ್ತರದ ಸ್ವರಗಳಿಗೆಂದೇ ಇರುವ ಟ್ವೀಟರ್ ಎಂಬ ಪುಟ್ಟ ಧ್ವನಿವರ್ಧಕಕ್ಕೆ ಈ ಕಂಪನಗಳು ತಲಪುತ್ತವೆ. ಅದರ ತಂತಿ ಬಹು ತೆಳುವಾದುದು. ಶಾಖ ಮಿತಿಮೀರಿದರೆ ತಂತಿಯ ಹೊದಿಕೆ ಸುಟ್ಟು, ಕೊನೆಗೆ ತಂತಿಯೇ ಕಡಿದುಹೋಗುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಕಿವಿಗೆ ಇದರ ಮುನ್ಸೂಚನೆ ದೊರೆಯುತ್ತದೆ. ಇದೇ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ ಕುಮಾರ ಗಂಧರ್ವರ ಧ್ವನಿಮುದ್ರಿಕೆಯನ್ನು ಕೇಳುವಾಗ ತಾರಸ್ಥಾಯಿಯಲ್ಲಿ ಸ್ವರ ಒಡೆದು ಕರಕರ ಎಂದರೆ ದೋಷ ಗಾಯಕರದಲ್ಲ. ಧ್ವನಿಯನ್ನು ಒಡನೆಯೇ ತಗ್ಗಿಸಬೇಕು.

ಮಳೆಗಾಲದ ಹಾನಿ ಹೀಗೆ ಸದ್ದು ಮಾಡುವುದಿಲ್ಲ. ಕಾಗದವು ತೇವವನ್ನು ಹೀರಿ ಬಿಗಿ ಕಳೆದುಕೊಳ್ಳುತ್ತದೆ, ಬೂಷ್ಟು ಹಿಡಿಯುತ್ತದೆ. ಅಂಚಿನ ಫೋಮು ಕೆಲವು ವರ್ಷಗಳಲ್ಲಿ ಪುಡಿಯಾಗುತ್ತದೆ. ಆದುದರಿಂದ ಪೆಟ್ಟಿಗೆಯನ್ನು ನೆಲದಿಂದ ಎತ್ತರದಲ್ಲಿ, ಗೋಡೆಯಿಂದ ಗೇಣುದ್ದ ದೂರದಲ್ಲಿ ಇರಿಸುವುದು ಲೇಸು. ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸದೆ ಮೃದುವಾದ ಒಣ ಕುಂಚದಿಂದ ತೆಗೆಯಬೇಕು.

ಮಳೆಯ ರಾತ್ರಿ ವಿದ್ಯುತ್ತು ಹೋಗುವುದು ಅಪರೂಪವಲ್ಲ. ಅದು ಮರಳಿದಾಗ ‘ಧಡ್’ ಎಂಬ ಆಘಾತವು ಸುರುಳಿಯನ್ನು ತಟ್ಟಬಹುದು. ದೀಪ ಹೋದೊಡನೆ ಆಂಪ್ಲಿಫೈಯರಿನ ಗುಂಡಿಯನ್ನು ಆರಿಸಬೇಕು. ವಿದ್ಯುತ್ತು ಬಂದ ಮೇಲೆ ಉಳಿದ ಉಪಕರಣಗಳನ್ನು ಮೊದಲು ಹಚ್ಚಿ, ಧ್ವನಿಯನ್ನು ಸೊನ್ನೆಗಿಳಿಸಿ, ಆಂಪ್ಲಿಫೈಯರನ್ನು ಕಡೆಗೆ ಹಚ್ಚಬೇಕು.