ಕಛೇರಿಯ ಒಳಾಂಗಣವೂ ನಾಡಿನ ಕಸುಬೂ

ಕಛೇರಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವ ಚಿತ್ರವು ಇಂದು ಎಲ್ಲ ಊರುಗಳಲ್ಲಿಯೂ ಹೆಚ್ಚು ಕಡಿಮೆ ಒಂದೇ ಆಗಿದೆ. ಹೊಳೆಯುವ ಬಿಳಿಯ ನೆಲ, ಗಾಜಿನ ಮುಂಭಾಗ, ಹುಸಿ ಛಾವಣಿ, ಪ್ಲಾಸ್ಟಿಕ್ ಕುರ್ಚಿಗಳ ಸಾಲು, ಹಾಡುಹಗಲಿನಲ್ಲಿಯೂ ಉರಿಯುವ ದೀಪಗಳು. ಬೀದರಿನಲ್ಲಿ ಕುಳಿತಿದ್ದೇವೆಯೋ ಮಂಗಳೂರಿನಲ್ಲಿ ಕುಳಿತಿದ್ದೇವೆಯೋ ಎಂಬುದನ್ನು ನಾಮಫಲಕ ಓದಿಯೇ ತಿಳಿಯಬೇಕು. ಸ್ಥಳೀಯ ಕಲೆಗೆ ಪ್ರೋತ್ಸಾಹ ಕೊಡುತ್ತೇವೆ ಎನ್ನುವವರೂ ಅದೇ ಕೋಣೆಯ ಮೂಲೆಯಲ್ಲಿ ಗಾಜಿನ ಪೆಟ್ಟಿಗೆಯೊಂದನ್ನು ಮಾಡಿಸಿ, ಅದರೊಳಗೆ ಒಂದು ಚನ್ನಪಟ್ಟಣದ ಗೊಂಬೆಯನ್ನೋ ಬಿದರಿಯ ಹೂಜಿಯನ್ನೋ ಇಟ್ಟು ಬೀಗ ಹಾಕುತ್ತಾರೆ. ಇದರಿಂದ ಕಲೆಗೆ ಮರ್ಯಾದೆ ದೊರೆಯಬಹುದು. ಕಲಾವಿದನಿಗೆ ಕೆಲಸ ದೊರೆಯುವುದಿಲ್ಲ. ಕಸುಬಿನ ವಸ್ತುವು ಕಛೇರಿಯಲ್ಲಿ ನೌಕರನಂತೆ ದುಡಿಯಬೇಕು ಎಂಬುದು ನನ್ನ ಅಭಿಪ್ರಾಯ.

ದೊಡ್ಡ ಪ್ರಮಾಣದಲ್ಲಿ ಇದನ್ನು ನಮ್ಮ ನಾಡು ಒಮ್ಮೆ ಮಾಡಿ ತೋರಿಸಿದೆ. ಬೆಂಗಳೂರಿನ ವಿಧಾನಸೌಧಕ್ಕೆ ಜವಾಹರಲಾಲ್ ನೆಹರೂ ಅವರು ಅಡಿಗಲ್ಲನ್ನಿಟ್ಟದ್ದು 1951ರ ಜುಲೈ 13ರಂದು. ಕೆಂಗಲ್ ಹನುಮಂತಯ್ಯನವರ ಹಟ ಮತ್ತು ಉತ್ಸಾಹಗಳಿಂದ ಬೆಳೆದ ಆ ಕಟ್ಟಡವು 1956ರಲ್ಲಿ ಪೂರ್ಣವಾಯಿತು. ಅದಕ್ಕೆ ಬೇಕಾದ ಕಣಶಿಲೆಯನ್ನು ಬೆಂಗಳೂರಿನ ಸುತ್ತಮುತ್ತಲಿನಿಂದಲೇ ತರಲಾಯಿತು. ಮಂತ್ರಿಮಂಡಲದ ಸಭೆ ಸೇರುವ ಕೋಣೆಗೆ ಕೆತ್ತನೆಯ ಗಂಧದ ಬಾಗಿಲಿದೆ. ಎಷ್ಟೇ ಸೊಗಸಾದರೂ ಅದು ತೆರೆದು ಮುಚ್ಚುವ ಬಾಗಿಲು ಎಂಬುದನ್ನು ಗಮನಿಸಬೇಕು. ಆದರೆ ಗಂಧದ ಬಾಗಿಲಿನ ಆಸೆಯನ್ನು ಗ್ರಾಮ ಪಂಚಾಯಿತಿಯಾಗಲಿ ಸಹಕಾರ ಸಂಘವಾಗಲಿ ಇಟ್ಟುಕೊಳ್ಳಬೇಕಾಗಿಲ್ಲ. ಎರಡು ಕೋಣೆಯ ಸಣ್ಣ ಕಛೇರಿಯನ್ನೇ ಎದುರಿಗಿಟ್ಟುಕೊಂಡು ನೋಡೋಣ.

ಮೊದಲು ನೆಲ. ಕಲಬುರಗಿಯ ಕಡೆಯ ಶಹಾಬಾದ್ ಕಲ್ಲು ಒಂದು ಬಗೆಯ ಸುಣ್ಣಕಲ್ಲು. ಅದು ಭೂಮಿಯಲ್ಲಿ ಪದರ ಪದರವಾಗಿ ಮಲಗಿರುವುದರಿಂದ ಉಳಿಯಿಟ್ಟು ಎಬ್ಬಿಸಿದರೆ ಚಪ್ಪಡಿಯಾಗಿಯೇ ಏಳುತ್ತದೆ. ಬಣ್ಣ ಬೂದು, ಬೇಸಗೆಯಲ್ಲಿ ತಂಪು, ಒರಟಾಗಿಯೇ ಬಿಟ್ಟರೆ ಒದ್ದೆ ಕಾಲು ಜಾರುವುದಿಲ್ಲ. ದೋಷವೂ ಉಂಟು. ಹುಳಿಯನ್ನು ಅದು ಸಹಿಸದು. ಮಧ್ಯಾಹ್ನದ ಬುತ್ತಿಯ ನಿಂಬೆರಸ ಚೆಲ್ಲಿದರೆ ಕಲೆ ನಿಲ್ಲುತ್ತದೆ. ಗುಮಾಸ್ತರು ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು. ಹಳೆಯ ಮನೆಗಳಲ್ಲಿದ್ದ ಕೆಂಪು ಗಾರೆಯ ನೆಲವೂ ಒಳ್ಳೆಯದೇ, ಆದರೆ ಅದನ್ನು ಬಿರುಕಿಲ್ಲದೆ ತೀಡಬಲ್ಲ ಕೈ ಈಗ ಅಪರೂಪ.

ನೆಲದ ವಿಷಯದಲ್ಲಿ ಸೌಂದರ್ಯಕ್ಕಿಂತ ದೊಡ್ಡದಾದ ಮಾತೊಂದಿದೆ. ಕನ್ನಡಿಯಂತೆ ಹೊಳೆಯುವ ನೆಲವನ್ನು ಕಂಡೊಡನೆ ಹಳ್ಳಿಯಿಂದ ಅರ್ಜಿ ಹಿಡಿದು ಬಂದವರು ಹೊಸ್ತಿಲಲ್ಲಿಯೇ ಚಪ್ಪಲಿ ಬಿಡುತ್ತಾರೆ. ನನ್ನ ತಂದೆಯವರೂ ಹಾಗೆಯೇ ಮಾಡುತ್ತಾರೆ. ದೇವಸ್ಥಾನದಲ್ಲಿ ಬಿಡುವುದು ಭಕ್ತಿಯಿಂದ. ಇಲ್ಲಿ ಬಿಡುವುದು ಅಳುಕಿನಿಂದ. ತಮ್ಮ ಮನೆಯ ಪಡಸಾಲೆಯಲ್ಲಿರುವ ಕಲ್ಲೇ ಕಛೇರಿಯಲ್ಲಿಯೂ ಇದ್ದರೆ ಅವರು ನೇರವಾಗಿ ಮೇಜಿನ ಬಳಿಗೆ ಬಂದು ಮಾತನಾಡಿಯಾರು. ಒಳಾಂಗಣ ವಿನ್ಯಾಸವನ್ನು ಶ್ರೀಮಂತರ ಶೋಕಿ ಎಂದು ತಳ್ಳಿಹಾಕುವವರು ಇದನ್ನು ಯೋಚಿಸಬೇಕು.

ಇನ್ನು ಮೇಲ್ಭಾಗ. ಮಂಗಳೂರು ಹೆಂಚನ್ನು ಪುರಾತನ ದೇಶೀಯ ವಸ್ತುವೆಂದು ಎಲ್ಲರೂ ಭಾವಿಸುತ್ತಾರೆ. ವಾಸ್ತವವಾಗಿ ಅದನ್ನು ಆರಂಭಿಸಿದವರು ಬಾಸೆಲ್ ಮಿಷನ್ನಿನ ಜರ್ಮನರು. ಜೆಪ್ಪುವಿನ ಅವರ ಕಾರ್ಖಾನೆ 1865ರದು. ಮಣ್ಣು ಮಾತ್ರ ನಮ್ಮದು, ನೇತ್ರಾವತಿ ಮತ್ತು ಗುರುಪುರ ನದಿಗಳ ದಡದ ಜೇಡಿ. ಹೊರಗಿನ ಜಾಣ್ಮೆ ಒಳಗಿನ ಮಣ್ಣಿಗೆ ಸೇರಿ, ನೂರು ವರ್ಷದೊಳಗೆ ಸಂಪ್ರದಾಯವೆನಿಸಿತು. ಕಾಂಕ್ರೀಟಿನ ಛಾವಣಿಯೇ ಬೇಕೆನ್ನುವವರಿಗೂ ಹೆಂಚಿನಿಂದ ಉಪಯೋಗವಿದೆ. ಛಾವಣಿಯ ಕೆಳಮೈಯಲ್ಲಿ ಎಳೆತವನ್ನು ತಡೆಯುವುದು ಉಕ್ಕಿನ ಸರಳು. ಅಲ್ಲಿರುವ ಕಾಂಕ್ರೀಟು ಬಹುಮಟ್ಟಿಗೆ ತುಂಬಿದ ಭಾರ ಮಾತ್ರ. ಸರಳುಗಳ ನಡುವಿನ ಆ ಜಾಗದಲ್ಲಿ ಹೆಂಚನ್ನಿಟ್ಟು ಮೇಲೆ ಕಾಂಕ್ರೀಟು ಹಾಕಿದರೆ ಸಿಮೆಂಟೂ ಉಳಿಯುತ್ತದೆ, ಭಾರವೂ ಇಳಿಯುತ್ತದೆ. ಈ ಕ್ರಮವನ್ನು ಕೇರಳದಲ್ಲಿ ಪ್ರಚಾರಕ್ಕೆ ತಂದವರು ಲಾರಿ ಬೇಕರ್ (1917-2007). ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರದಲ್ಲಿ ಅವರು ಕಟ್ಟಿದ ಇಟ್ಟಿಗೆಯ ಜಾಲಂಧ್ರದ ಗೋಡೆಗಳು ಗಾಳಿಯನ್ನು ಬಿಟ್ಟು, ಬಿಸಿಲಿನ ಝಳವನ್ನು ತಡೆಯುತ್ತವೆ. ಗಣಕಯಂತ್ರದ ಪರದೆಯನ್ನು ನೋಡುತ್ತ ಕುಳಿತಿರುವವರಿಗೆ ಇಂಥ ಮೆತ್ತನೆಯ ಬೆಳಕೇ ಹಿತ. ಧೂಳು ಬರುವುದಿಲ್ಲವೇ ಎಂದರೆ, ಬರುತ್ತದೆ. ಯಂತ್ರಗಳಿರುವ ಕಡೆ ಜಾಲಂಧ್ರಕ್ಕೆ ಒಳಗಿನಿಂದ ಗಾಜಿನ ಕದ ಬೇಕೇ ಬೇಕು.

ನೆಲ, ಛಾವಣಿಗಳಾದ ಮೇಲೆ ಕೈಗೆ ಸಿಗುವ ಸಣ್ಣ ವಸ್ತುಗಳು. ಚನ್ನಪಟ್ಟಣದ ಕಸುಬುದಾರನು ಆಲೆ ಮರದ ತುಂಡನ್ನು ಚರಕಿಗೆ ಕಟ್ಟಿ ತಿರುಗಿಸುತ್ತ, ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾನೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೇದಗೆಯ ಗರಿಯಿಂದ ಉಜ್ಜಿದಾಗ ಹೊಳಪು ಬರುತ್ತದೆ. ಗೊಂಬೆ ಮಾಡುವ ಆ ಕೈ ಮೇಜಿನ ಸೆಳೆಖಾನೆಯ ಗುಬಟನ್ನೂ ಕೋಟು ತೂಗುವ ಗೂಟವನ್ನೂ ಕಟಕಟೆಯ ಕಂಬಿಗಳನ್ನೂ ಅಷ್ಟೇ ಸುಲಭವಾಗಿ ಮಾಡಬಲ್ಲುದು. ಬಿದರಿಯದು ಸತುವಿಗೆ ಸ್ವಲ್ಪ ತಾಮ್ರ ಬೆರೆಸಿದ ತೂಕದ ಲೋಹ. ಕೊರೆದ ಗೆರೆಯಲ್ಲಿ ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಹಳೆಯ ಮಣ್ಣನ್ನು ಬೆರೆಸಿದ ದ್ರಾವಣದಿಂದ ಉಳಿದ ಮೈಯನ್ನು ಕಪ್ಪಾಗಿಸುತ್ತಾರೆ. ಬೀಸಣಿಗೆಯ ಗಾಳಿಗೆ ಹಾರುವ ಕಡತಗಳ ಮೇಲಿಡಲು ಅದಕ್ಕಿಂತ ಯೋಗ್ಯವಾದ ವಸ್ತು ಯಾವುದು? ಕಾಯುವವರ ಬೆಂಚಿಗೆ ನವಲಗುಂದದ ಹೆಂಗಸರು ನೇಯುವ ಜಮಖಾನ, ನವಿಲು ಅಥವಾ ಪಗಡೆಹಾಸಿನ ಚಿತ್ತಾರದ್ದು. ಸೂಚನಾಫಲಕಕ್ಕೆ ಕರಿಯ ಕಂಬಳಿ ಹೊದಿಸಿದರೆ ಗುಂಡುಸೂಜಿಯೂ ನಿಲ್ಲುತ್ತದೆ, ಕೋಣೆಯ ಗದ್ದಲವನ್ನೂ ಅದು ಸ್ವಲ್ಪ ನುಂಗುತ್ತದೆ.

ಇದಕ್ಕೆಲ್ಲ ಹಣವೆಲ್ಲಿ ಎಂಬ ಪ್ರಶ್ನೆ ಸಹಜ. ಗುಬಟು, ಗೂಟ, ಜಮಖಾನಗಳನ್ನು ಹೇಗೂ ಕೊಳ್ಳಲೇಬೇಕು. ಕಾರ್ಖಾನೆಯದಕ್ಕಿಂತ ಅವು ತುಸು ತುಟ್ಟಿಯಾದಾವು. ನಿಜವಾದ ತೊಡಕು ಕೊಳ್ಳುವ ಕ್ರಮದಲ್ಲಿದೆ. ಟೆಂಡರು, ಠೇವಣಿ, ತಿಂಗಳುಗಟ್ಟಲೆ ಬಾಕಿ ನಿಲ್ಲುವ ಬಿಲ್ಲು, ಇವುಗಳನ್ನು ಮನೆಯಲ್ಲಿ ಚರಕಿ ಇಟ್ಟುಕೊಂಡವನು ತಾಳಲಾರ. 1964ರಲ್ಲಿ ಸ್ಥಾಪಿತವಾದ ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮವು ‘ಕಾವೇರಿ’ ಮಳಿಗೆಗಳ ಮೂಲಕ ಇಂಥ ವಸ್ತುಗಳನ್ನು ಮಾರುತ್ತದೆ. ಕಛೇರಿಗಳು ಅದರ ಮೂಲಕ ಕೇಳಿನೋಡಬಹುದು. ಕಸುಬುದಾರನ ಬಳಿಗೇ ಹೋಗುವುದಾದರೆ ಸುಂದರವಾಗಿ ಮಾಡಿಕೊಡಿ ಎಂದಷ್ಟೇ ಹೇಳಿ ಬರಬಾರದು. ಎಷ್ಟು ಗುಬಟು ಬೇಕು, ತಿರುಪಿನ ಗಾತ್ರವೆಷ್ಟು, ಸೆಳೆಖಾನೆಯ ಹಲಗೆಯ ದಪ್ಪವೆಷ್ಟು ಎಂದು ಬರೆದುಕೊಟ್ಟು, ಅರ್ಧ ಹಣವನ್ನು ಮುಂಗಡವಾಗಿ ಕೊಡಬೇಕು. ಹಸಿ ಮರ ಒಣಗುವುದಕ್ಕೆ ಕಾಲ ಹಿಡಿಯುವುದರಿಂದ, ಕಟ್ಟಡಕ್ಕೆ ಪಾಯ ತೋಡಿದ ದಿನವೇ ಈ ಚೀಟಿಯೂ ಹೋಗುವುದು ಒಳ್ಳೆಯದು.