ಮೂಗಿಗೆ ಸಿಗದ ಪೆಟ್ರೋಲು

ಓದುಗರೊಬ್ಬರು ಕೇಳಿದ್ದಾರೆ: ‘ನಮ್ಮ ಮನೆ ಹಿಂದೆಯೇ ಹಳೆಯ ಪೆಟ್ರೋಲ್ ಬಂಕ್ ಇದೆ. ಬೋರ್‌ವೆಲ್ ನೀರನ್ನು ಮನೆಮಂದಿಯೆಲ್ಲ ಮೂಸಿ ನೋಡಿದೆವು, ವಾಸನೆಯಿಲ್ಲ. ಹೆದರಬೇಕಿಲ್ಲ ತಾನೆ?’ ಪಕ್ಕದ ಮನೆಯವರು ಇನ್ನೂ ಒಂದು ಹೆಜ್ಜೆ ಮುಂದೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ತೋರಿಸುವವರನ್ನೇ ಕರೆಸಿದರಂತೆ. ಕಾಯಿ ಬಂಕಿನ ಕಡೆ ಎದ್ದು ನಿಂತಿತಂತೆ! ಕಾಯಿ ನೀರನ್ನೂ ತೋರಿಸದು, ಪೆಟ್ರೋಲನ್ನೂ ತೋರಿಸದು. ಅದನ್ನು ಒಡೆದು ಚಟ್ನಿ ಮಾಡಿ, ಮುಂದಕ್ಕೆ ಓದಿ.

ಕಾಯಿಯಷ್ಟೇ ದೊಡ್ಡ ಮೋಸಗಾರ ನಮ್ಮ ಮೂಗು. ಪೆಟ್ರೋಲಿನಲ್ಲಿರುವ ಬೆಂಜೀನ್ ರಕ್ತದ ಕ್ಯಾನ್ಸರ್ ತರಬಲ್ಲ ವಸ್ತು. ಕುಡಿಯುವ ನೀರಿನಲ್ಲಿ ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಅದೇ ನೀರಿನಲ್ಲಿ ಬೆಂಜೀನ್ ಮೂಗಿಗೆ ತಿಳಿಯಬೇಕಾದರೆ ಸುಮಾರು 10 ಮಿಲಿಗ್ರಾಂ ಇರಬೇಕು. ಅಂದರೆ ಮಿತಿಯ ಸಾವಿರ ಪಟ್ಟು ದಾಟುವ ತನಕ ಮೂಗು ‘ಎಲ್ಲ ಸರಿಯಿದೆ’ ಎನ್ನುತ್ತಲೇ ಇರುತ್ತದೆ.

ಇದಕ್ಕೆ ತದ್ವಿರುದ್ಧ ಎಂ.ಟಿ.ಬಿ.ಇ. ಎಂಬ ಇನ್ನೊಂದು ವಸ್ತು. ಪೆಟ್ರೋಲ್ ಚೆನ್ನಾಗಿ ಉರಿಯಲೆಂದು ಬೆರೆಸುತ್ತಿದ್ದ ಇದು ಲೀಟರಿಗೆ 20–40 ಮೈಕ್ರೋಗ್ರಾಂ ಇದ್ದರೂ ಟರ್ಪೆಂಟೈನ್‌ನಂತೆ ನಾರುತ್ತದೆ. 1996ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಮೋನಿಕಾ ನಗರ ಈ ಎಂ.ಟಿ.ಬಿ.ಇ.ಯಿಂದಾಗಿ ತನ್ನ ಬಾವಿಗಳನ್ನು ಮುಚ್ಚಿ, ಕುಡಿಯುವ ನೀರಿನ ಸುಮಾರು ಅರ್ಧದಷ್ಟನ್ನು ಕಳೆದುಕೊಂಡಿತು. ನೆಲದಡಿಯ ಟ್ಯಾಂಕು, ಪೈಪುಗಳಿಂದ ಸೋರಿದ ಪೆಟ್ರೋಲೇ ಅದರ ಮೂಲ.

ಸೋರಿದ ಎಂ.ಟಿ.ಬಿ.ಇ. ಬಾವಿಗಳ ತನಕ ಹೋದದ್ದೇಕೆ, ಬೆಂಜೀನ್ ಅಷ್ಟು ದೂರ ಹೋಗದ್ದೇಕೆ? ನನಗೆ ಬಹಳ ಇಷ್ಟವಾದ ಭಾಗ ಇದು. 1995ರಲ್ಲಿ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದವರು ಅದೇ ಕ್ಯಾಲಿಫೋರ್ನಿಯಾದ ಸುಮಾರು 270 ಸೋರಿಕೆಗಳ ದಾಖಲೆ ಜಾಲಾಡಿದರು. ಹತ್ತರಲ್ಲಿ ಒಂಬತ್ತು ಕಡೆ ಬೆಂಜೀನ್ ಸುಮಾರು 250 ಅಡಿಯೊಳಗೇ ನಿಂತುಬಿಟ್ಟಿತ್ತು. ತಡೆದವರು ಯಾರು? ಮಣ್ಣಿನ ಬ್ಯಾಕ್ಟೀರಿಯಾ. ಬೆಂಜೀನ್ ಅವಕ್ಕೆ ಊಟ. ಎಂ.ಟಿ.ಬಿ.ಇ. ಮಾತ್ರ ಅವಕ್ಕೆ ಅಷ್ಟಾಗಿ ಒಗ್ಗದು. ನಮ್ಮ ಮೂಗಿಗೆ ತಿಳಿಯದ್ದನ್ನು ಅವು ತಿನ್ನುತ್ತವೆ, ತಿಳಿಯುವುದನ್ನು ಎಲೆಯ ತುದಿಗೆ ತಳ್ಳುತ್ತವೆ!

ಉಣ್ಣುವಾಗ ಉಸಿರಾಡಬೇಕಲ್ಲ. ಮೊದಲು ಮಣ್ಣಿನಲ್ಲಿರುವ ಆಮ್ಲಜನಕ ಖಾಲಿ. ಆಮೇಲೆ ಬೇರೆ ಬೇರೆ ಜಾತಿಯ ಬ್ಯಾಕ್ಟೀರಿಯಾಗಳು ನೈಟ್ರೇಟಿಗೆ ಕೈಹಾಕುತ್ತವೆ, ಅದೂ ಮುಗಿದರೆ ಕಬ್ಬಿಣದ ತುಕ್ಕಿಗೆ. ನಮ್ಮ ಕೆಮ್ಮಣ್ಣು ಕೆಂಪಾಗಿರುವುದು ಆ ತುಕ್ಕಿನಿಂದಲೇ. ಒಮ್ಮೆ ಹಳೆಯ ಟ್ಯಾಂಕೊಂದನ್ನು ಎತ್ತುವುದನ್ನು ನೋಡುತ್ತ ನಿಂತಿದ್ದೆ. ಗುಂಡಿಯ ಗೋಡೆ ಇಟ್ಟಿಗೆಯಂತೆ ಕೆಂಪು. ತಳಕ್ಕೆ ಹತ್ತಿರ ಮಾತ್ರ ಬೂದು-ಹಸಿರಿನ ಪಟ್ಟೆ. ಕೋಟಿಗಟ್ಟಲೆ ಬಾಯಿಗಳು ತುಕ್ಕನ್ನೇ ಉಸಿರಾಡಿ ಮಣ್ಣಿನ ಬಣ್ಣ ತೆಗೆದಿದ್ದವು! ಕೆಲಸದವರು ಅದನ್ನು ‘ಸತ್ತ ಮಣ್ಣು’ ಎಂದರು. ಅಲ್ಲಿದ್ದಷ್ಟು ಜೀವ ಸುತ್ತ ಎಲ್ಲೂ ಇರಲಿಲ್ಲವೇನೋ.

ಸೋರಿಕೆ ಹುಡುಕುವವರು ಈ ಗುರುತುಗಳನ್ನೇ ಹಿಂಬಾಲಿಸುತ್ತಾರೆ. ಅಲ್ಲಲ್ಲಿ ಕೊರೆದು ತೆಗೆದ ಮಣ್ಣನ್ನು ಚೀಲದಲ್ಲಿ ಕಟ್ಟಿ, ತುಸು ಬೆಚ್ಚಗಾಗಲು ಬಿಟ್ಟು, ಒಳಗಿನ ಆವಿಯನ್ನು ಉಪಕರಣದಿಂದ ಅಳೆಯುತ್ತಾರೆ. ಕನಿಷ್ಠ ಮೂರು ಬಾವಿ ಕೊರೆದು, ನೀರಿನ ಮಟ್ಟ ಹೋಲಿಸಿ, ಅಂತರ್ಜಲ ಎತ್ತ ಹರಿಯುತ್ತಿದೆ ಎಂದು ಲೆಕ್ಕ ಹಾಕುತ್ತಾರೆ. ನೀರಿನಲ್ಲಿ ಆಮ್ಲಜನಕ ತೀರಿ, ಕರಗಿದ ಕಬ್ಬಿಣ ಏರಿದ್ದರೆ ಔತಣ ನಡೆದಿರಬಹುದು ಎಂಬ ಸುಳಿವು.

ಆದರೆ ಕ್ಯಾಲಿಫೋರ್ನಿಯಾದ 250 ಅಡಿಯನ್ನು ನಂಬಿ ಬೆಂಗಳೂರಿನಲ್ಲಿ ನಿದ್ದೆ ಮಾಡಬೇಡಿ. ಅಲ್ಲಿಯ ನೀರು ಹೆಚ್ಚಾಗಿ ಮರಳು, ಜೇಡಿಯ ಪದರಗಳಲ್ಲಿ ನಿಧಾನ ಸಾಗುತ್ತದೆ. ಇಲ್ಲಿ ಬೋರ್‌ವೆಲ್ ನೀರು ಗಟ್ಟಿ ಬಂಡೆಯ ಬಿರುಕಿನಲ್ಲಿ ಓಡುತ್ತದೆ. ಬಿರುಕು ಎತ್ತ ತಿರುಗುತ್ತದೋ ಬೆಂಜೀನ್ ಅತ್ತ, ಬ್ಯಾಕ್ಟೀರಿಯಾಕ್ಕೆ ಉಣ್ಣಲು ಪುರಸೊತ್ತೇ ಸಿಗದಿರಬಹುದು.

ಹಾಗಾಗಿ ಓದುಗ ಮಿತ್ರರೇ, ನೀರನ್ನು ಪ್ರಯೋಗಾಲಯಕ್ಕೆ ಕಳಿಸಿ, ‘ಬೆಂಜೀನ್ ನೋಡಿ’ ಎಂದು ಹೆಸರು ಹಿಡಿದು ಕೇಳಿ. ಕ್ಯಾನಿನಲ್ಲಿ ಒಯ್ಯಬೇಡಿ, ಅವರದೇ ಪುಟ್ಟ ಗಾಜಿನ ಸೀಸೆ ತನ್ನಿ. ಕಂಠಪೂರ್ತಿ ತುಂಬಿಸಿ, ಮುಚ್ಚಿ, ತಲೆಕೆಳಗು ಮಾಡಿ ನೋಡಿ. ಗಾಳಿಗುಳ್ಳೆ ಕಂಡರೆ ಬೆಂಜೀನ್ ಅದರೊಳಗೆ ನುಸುಳಿಕೊಳ್ಳುತ್ತದೆ. ಬೇರೆ ಸೀಸೆಗೆ ಮತ್ತೆ ತುಂಬಿಸಿ.