ಗಾಳ ದೂರ ಬೀಳುವುದು ಹೇಗೆ?

ಜೋಳ ತೆನೆ ಕಟ್ಟುವ ಹೊತ್ತಿಗೆ ಹೊಲದಲ್ಲಿ ಅಟ್ಟ ಕಟ್ಟಿ, ಅದರ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸುವುದು ಬಿಜಾಪುರ ಸೀಮೆಯ ರೈತರಿಗೆ ಹೊಸ ಮಾತಲ್ಲ. ಬರಿಗೈಯಲ್ಲಿ ಎಸೆದ ಕಲ್ಲು ಹೊಲದ ನಡುವೆ ಬಿದ್ದರೆ, ಅದೇ ಕೈ ಕವಣೆಯಲ್ಲಿಟ್ಟು ಬೀಸಿದ ಕಲ್ಲು ಆಚೆಯ ಬದುವನ್ನು ಮುಟ್ಟುತ್ತದೆ. ತೋಳಿನ ಬಲ ಹೆಚ್ಚಲಿಲ್ಲ, ಉದ್ದ ಹೆಚ್ಚಿತು ಅಷ್ಟೆ. ಕೈ ಒಂದು ಗೇಣು ಸರಿಯುವಷ್ಟರಲ್ಲಿ ಕವಣೆಯ ತುದಿ ಮಾರುದ್ದ ಸುತ್ತಿರುತ್ತದೆ. ಇನ್ನುಳಿದದ್ದು ಬೆರಳ ಸಂದಿಯ ಹುರಿಯನ್ನು ಸರಿಯಾದ ಗಳಿಗೆಯಲ್ಲಿ ಬಿಡುವ ಜಾಣ್ಮೆ.

ನೀರಿನ ದಡದಲ್ಲಿ ನಿಂತು ಗಾಳವನ್ನು ದೂರಕ್ಕೆ ಎಸೆಯುವ ವಿದ್ಯೆಯ ಗುಟ್ಟೂ ಇದೇ. ಈ ವಿದ್ಯೆ ಇಂದು ಈ ಭಾಗದಲ್ಲಿ ಕೇವಲ ಹವ್ಯಾಸದ ಮಾತಾಗಿ ಉಳಿದಿಲ್ಲ. ಅದಕ್ಕೆ ಕಾರಣ ನೀರೇ ಬದಲಾಗಿರುವುದು.

ಇಂಡಿ, ಸಿಂದಗಿಗಳ ಉತ್ತರಕ್ಕೆ ಭೀಮೆ; ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ದಕ್ಷಿಣಕ್ಕೆ ಕೃಷ್ಣೆ. ಹರಿಗೋಲು ಇದ್ದವರು ನಡುನೀರಿಗೆ ಹೋಗಿ ಬಲೆ ಬಿಡುತ್ತಾರೆ. ಇಲ್ಲದವರಿಗೆ ದಡವೇ ಗತಿ. ನದಿ ನದಿಯಾಗಿದ್ದಾಗ ಅದರಿಂದ ದೊಡ್ಡ ತೊಂದರೆ ಇರಲಿಲ್ಲ. ಮಡುವಿನ ಪಕ್ಕದ ಬಂಡೆಯ ಮೇಲೆ ಕುಳಿತು ಬಿದಿರ ಕೋಲನ್ನು ಚಾಚಿದರೆ ಗಾಳ ಆಳದ ನೀರಿಗೇ ಇಳಿಯುತ್ತಿತ್ತು.

ಆಲಮಟ್ಟಿಯಲ್ಲಿ 1964ರಲ್ಲಿ ಅಡಿಗಲ್ಲು ಬಿದ್ದ ಅಣೆಕಟ್ಟಿನ ಜಲಾಶಯದಲ್ಲಿ 519.6 ಮೀಟರ್ ಮಟ್ಟದವರೆಗೆ ನೀರು ನಿಲ್ಲಿಸಲು ಸುಪ್ರೀಂ ಕೋರ್ಟ್ 2000ದಲ್ಲಿ ಅವಕಾಶ ಕೊಟ್ಟಿತು. ಆ ಮಟ್ಟದಲ್ಲಿ ಅದು ಹಿಡಿಯುವ ನೀರು ಸುಮಾರು 123 ಟಿಎಂಸಿ. ಕೆಳಗೆ ನಾರಾಯಣಪುರದ ಬಸವ ಸಾಗರದ ಹಿನ್ನೀರು ಮುದ್ದೇಬಿಹಾಳದ ಅಂಚಿಗೆ ಬಂದಿದೆ. ಮುಳುಗಿದ್ದು ಬಹುಪಾಲು ಇಳಿಜಾರು ಕಡಿಮೆಯಿರುವ ಹೊಲಗಳು. ಹೀಗಾಗಿ ಬೇಸಿಗೆಯಲ್ಲಿ ನೀರು ಇಳಿದಂತೆ ದಡ ಬಹುದೂರ ಹಿಂದೆ ಸರಿಯುತ್ತದೆ. ನೀರಂಚಿನಲ್ಲಿ ನಿಂತವನ ಮುಂದೆ ಮೊಣಕಾಲುದ್ದದ ನೀರು, ಅದರಡಿ ಎರೆಮಣ್ಣಿನ ಕೆಸರು. ಕಾಲಿಟ್ಟರೆ ಕಾಲು ಹೂತುಹೋಗುವ ಭಯ. ದೊಡ್ಡ ಮೀನಿರುವುದು ಇನ್ನೂ ಆಚೆ. ಹರಿಗೋಲಿಲ್ಲದವನು ಅಲ್ಲಿಗೆ ಮುಟ್ಟಬೇಕಾದರೆ ಎಸೆತವೊಂದೇ ದಾರಿ.

ಬರಿಯ ಕೋಲು ಮತ್ತು ದಾರದ ವ್ಯಾಪ್ತಿ ಅವೆರಡರ ಉದ್ದಕ್ಕೆ ಮುಗಿಯುತ್ತದೆ. ಈ ಮಿತಿಯನ್ನು ಮುರಿದದ್ದು ದಾರ ಸುತ್ತಿಡುವ ರೀಲು. ಚೀನದ ಕಲಾವಿದ ಮಾ ಯುವಾನ್ 1195ರ ಸುಮಾರಿಗೆ ಬರೆದ ಚಿತ್ರದಲ್ಲೇ ರೀಲುಳ್ಳ ಗಾಳದ ಕೋಲು ಕಾಣುತ್ತದೆ. ಆದರೆ ಸಾಮಾನ್ಯನಿಗೂ ದೂರದ ಎಸೆತ ಸಾಧ್ಯವಾದದ್ದು 1905ರ ನಂತರ. ಇಂಗ್ಲೆಂಡಿನ ಆಲ್ಫ್ರೆಡ್ ಇಲ್ಲಿಂಗ್‌ವರ್ತ್ ಆ ವರ್ಷ ಪೇಟೆಂಟ್ ಪಡೆದ ರೀಲಿನಲ್ಲಿ ಎಸೆಯುವಾಗ ಉರುಳೆ ತಿರುಗುವುದೇ ಇಲ್ಲ. ಗಿರಣಿಯ ನೂಲಿನ ಉರುಳೆಯಿಂದ ಎಳೆ ಕಳಚುವಂತೆ, ನಿಂತ ಉರುಳೆಯ ಅಂಚಿನಿಂದ ದಾರ ಸುರುಳಿ ಸುರುಳಿಯಾಗಿ ಬಿಚ್ಚಿಕೊಳ್ಳುತ್ತದೆ.

ಹಾಗಾದರೆ ಒಂದೇ ಕೋಲು, ಒಂದೇ ರೀಲು ಹಿಡಿದ ಇಬ್ಬರಲ್ಲಿ ಒಬ್ಬನ ಗುಂಡು ದೂರ, ಇನ್ನೊಬ್ಬನದು ಹತ್ತಿರ ಬೀಳುವುದೇಕೆ? ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ಎಸೆತದ ದೂರ ವೇಗದ ವರ್ಗವನ್ನು ಅನುಸರಿಸುತ್ತದೆ. ವೇಗ ಶೇ. 10ರಷ್ಟು ಹೆಚ್ಚಿದರೆ ದೂರ ಶೇ. 21ರಷ್ಟು ಹೆಚ್ಚಬೇಕು. ಗಾಳಿ ಅದರಲ್ಲಿ ಒಂದಷ್ಟನ್ನು ಕಸಿದುಕೊಳ್ಳುತ್ತದೆ ನಿಜ. ಆದರೂ ತುದಿಯ ವೇಗದಲ್ಲಿ ಸಿಗುವ ಚೂರು ಲಾಭವೂ ದೊಡ್ಡದೇ.

ಆ ವೇಗ ಹುಟ್ಟುವುದು ಕಾಲಿನಿಂದ. ಬಲಗೈ ರೂಢಿಯವರು ಎಡ ಭುಜವನ್ನು ನೀರಿನ ಕಡೆಗೆ ಮಾಡಿ ಅಡ್ಡ ನಿಲ್ಲುತ್ತಾರೆ. ಮೈಭಾರ ಹಿಂಗಾಲಿನ ಮೇಲಿರುತ್ತದೆ. ಕೋಲನ್ನು ಹಿಂದಕ್ಕೆ ಚಾಚಿ, ಸೊಂಟ ತಿರುಗಿಸುತ್ತ ಭಾರವನ್ನು ಮುಂಗಾಲಿಗೆ ತರಬೇಕು. ಚಲನೆ ನಿಧಾನವಾಗಿ ಶುರುವಾಗಿ ಕೊನೆಯಲ್ಲಿ ರಭಸಗೊಳ್ಳಬೇಕು. ಮೊದಲಿಗೇ ಜಗ್ಗಿದರೆ ಕೋಲು ಬೇಗ ಬಾಗಿ ಬೇಗ ನೆಟ್ಟಗಾಗುತ್ತದೆ, ಬಲ ವ್ಯರ್ಥವಾಗುತ್ತದೆ. ಕೊನೆಗೆ ಮೇಲಿನ ಕೈ ಮುಂದಕ್ಕೆ ನೂಕುತ್ತದೆ, ಕೆಳಗಿನ ಕೈ ಬುಡವನ್ನು ಎದೆಯತ್ತ ಎಳೆಯುತ್ತದೆ. ಹೊಸಬರು ಮರೆಯುವುದು ಈ ಎಳೆತವನ್ನೇ.

ಬಳಿಕ ಬಿಡುವ ಗಳಿಗೆ. ಬೆರಳು ಬೇಗ ಬಿಟ್ಟರೆ ಗುಂಡು ಆಕಾಶಕ್ಕೆ ಏರುತ್ತದೆ, ತಡವಾದರೆ ಎದುರಿನ ನೀರಿಗೇ ಅಪ್ಪಳಿಸುತ್ತದೆ. ಬಿಟ್ಟ ಮೇಲೆ ಕೋಲಿನ ತುದಿ ಗುಂಡು ಹೋದ ದಿಕ್ಕಿಗೇ ಇರಬೇಕು. ಇಲ್ಲದಿದ್ದರೆ ದಾರ ಬಳೆಗಳಿಗೆ ಉಜ್ಜಿ ವೇಗ ಕಳೆದುಕೊಳ್ಳುತ್ತದೆ. ಎದುರುಗಾಳಿಗೆ ತಗ್ಗಿಸಿ, ಬೆನ್ನಗಾಳಿಗೆ ಎತ್ತರಿಸಿ ಎಸೆಯುವುದು ರೂಢಿ.

ಸಲಕರಣೆಯ ಪಾಲೂ ಉಂಟು. ತೆಳು ದಾರ ಗಾಳಿಯನ್ನು ಸುಲಭವಾಗಿ ಸೀಳುತ್ತದೆ. ಉರುಳೆ ಅಂಚಿನವರೆಗೆ ತುಂಬಿರದಿದ್ದರೆ ದಾರ ಅಂಚಿಗೆ ಉಜ್ಜುತ್ತದೆ. ಆದರೆ ತೆಳು ದಾರ ಎಸೆತದ ಹೊಡೆತಕ್ಕೆ ಹರಿದರೆ ಸೀಸದ ಗುಂಡು ಬಂದೂಕಿನ ಗುಂಡಿನಂತೆ ಹಾರುತ್ತದೆ. ಅದಕ್ಕಾಗಿ ತುದಿಗೆ ದಪ್ಪ ದಾರದ ತುಂಡೊಂದನ್ನು ಕಟ್ಟುತ್ತಾರೆ. 100 ಗ್ರಾಂ ಗುಂಡಿಗೆ ಸುಮಾರು 16 ಕಿಲೋ ಭಾರ ತಡೆಯುವ ದಾರ ಬೇಕೆಂಬುದು ಬಳಕೆಯ ಲೆಕ್ಕ. ಎಸೆಯುವ ಮೊದಲು ಹಿಂದೆ ಜನರಿಲ್ಲ, ಮೇಲೆ ವಿದ್ಯುತ್ ತಂತಿ ಇಲ್ಲ ಎಂದು ನೋಡಿಕೊಳ್ಳುವುದು ಮೊದಲ ಪಾಠ.

ಬೀಸುಬಲೆಯವರಿಗೆ ಲೆಕ್ಕ ಬೇರೆ. ಅವರ ದೂರಕ್ಕೆ ಕೈಹಗ್ಗವೇ ಗಡಿ. ಬಲೆ ಗಾಳಿಯಲ್ಲಿ ಸುತ್ತುತ್ತ ಹೋದಾಗ ಅಂಚಿನ ಗುಂಡುಗಳು ಹೊರಕ್ಕೆ ಜಗ್ಗಿ ಬಾಯಿ ದುಂಡಗೆ ತೆರೆಯುತ್ತದೆ. ದೂರದ ಆಸೆಗೆ ಸುತ್ತನ್ನು ಬಿಟ್ಟು ಬರಿದೆ ನೂಕಿದರೆ ಬಲೆ ಮುದ್ದೆಯಾಗಿ ಬೀಳುತ್ತದೆ. ದೂರವೂ ಬೇಕು, ಅಗಲವೂ ಬೇಕು. ಎರಡರ ನಡುವಿನ ಹದವನ್ನು ಕೈಯೇ ಕಲಿಯಬೇಕು.

ದೂರವೇ ಎಲ್ಲವೂ ಅಲ್ಲ ಎಂಬುದಕ್ಕೆ ಈ ನೆಲದಲ್ಲೇ ಹಳೆಯ ಸಾಕ್ಷಿಯಿದೆ. ಭೀಮಾ ದಂಡೆಯ, ಹಳೆಯ ಇಂಡಿ ತಾಲ್ಲೂಕಿನ ತದ್ದೇವಾಡಿಯ ಹೆಸರು ಹೊತ್ತ ತರ್ದವಾಡಿ ಸಾವಿರ ನಾಡು ಕಲ್ಯಾಣ ಚಾಲುಕ್ಯರ ಏಳಿಗೆಗೆ ನೆಲೆಯಾಗಿತ್ತು. ಆ ವಂಶದ ಮೂರನೆಯ ಸೋಮೇಶ್ವರ 1126ರಿಂದ 1138ರವರೆಗೆ ಆಳಿದವನು. ಸಂಸ್ಕೃತದಲ್ಲಿ ಅವನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮೀನು ಹಿಡಿಯುವ ಆಟಕ್ಕೇ ಮೀಸಲಾದ ‘ಮತ್ಸ್ಯವಿನೋದ’ ಎಂಬ ಭಾಗವಿದೆ. ಪ್ರಾಣಿವಿಜ್ಞಾನಿ ಸುಂದರಲಾಲ್ ಹೋರಾ 1951ರಲ್ಲಿ ಅದರತ್ತ ವಿದ್ವಾಂಸರ ಗಮನ ಸೆಳೆದರು. ಸುಮಾರು 35 ಬಗೆಯ ಮೀನುಗಳ ವಿವರ, ನಾರಿನಿಂದ ದಾರ ಹೊಸೆಯುವ ಕ್ರಮ, ಗಾಳದ ರೂಪ, ಯಾವ ಮೀನಿಗೆ ಯಾವ ಎರೆ ಎಂಬುದೆಲ್ಲ ಅಲ್ಲಿದೆ. ಮೀನಿಗೆ ಏನನ್ನು ತಿನ್ನಿಸಬೇಕೆಂಬುದಕ್ಕೂ ರಾಜ ಜಾಗ ಕೊಟ್ಟಿದ್ದಾನೆ. ಮೀನಿದ್ದಲ್ಲಿಗೆ ಗಾಳ ಹೋಗದಿದ್ದರೆ ಗಾಳವಿದ್ದಲ್ಲಿಗೆ ಮೀನು ಬರಬೇಕು. ಅದಕ್ಕೆ ಅದರ ಹಸಿವಿನ ಅರಿವು ಬೇಕು.

ಈ ಮಾತು ಹಿನ್ನೀರಿಗೂ ಒಪ್ಪುತ್ತದೆ. ಮಳೆಗಾಲದಲ್ಲಿ ನೀರು ಏರಿ ಹೊಸದಾಗಿ ಹುಲ್ಲು ಮುಳುಗಿದಾಗ ಮೀನು ಮೇವಿಗಾಗಿ ಅಂಚಿಗೇ ಬರುತ್ತದೆ. ಆಗ ನೂರು ಮಾರು ಎಸೆದವನ ಗಾಳ ಮೀನನ್ನು ದಾಟಿ ಬೀಳುತ್ತದೆ. ಬೇಸಿಗೆಯಲ್ಲಿ, ಮುಳುಗಿದ ಹಳ್ಳದ ಆಳಕ್ಕೆ ಮೀನು ಸರಿದಾಗ ಅದೇ ಎಸೆತ ಅನ್ನ ಕೊಡುತ್ತದೆ. ಎಲ್ಲಿ ಹಳ್ಳವಿತ್ತು, ಎಲ್ಲಿ ಬದುವಿತ್ತು ಎಂದು ಬಲ್ಲವರು ಒಂದು ಕಾಲಕ್ಕೆ ಅಲ್ಲಿ ಉತ್ತವರು. ಅವರ ನೆನಪಿನಲ್ಲಿರುವ ಹೊಲದ ನಕ್ಷೆಯೇ ಇಂದು ನೀರಿನ ನಕ್ಷೆ. ತೋಳು ಕಲಿತ ದೂರಕ್ಕೆ ಆ ನೆನಪು ಜೊತೆಗೂಡಿದರೆ ಮಾತ್ರ ದಡದಲ್ಲಿ ನಿಂತವನ ಬುಟ್ಟಿ ತುಂಬೀತು.